ಮೀನು ಕಂಡ ವಿಮಾನ

ರಸ್ತೆ ಮುಗಿದು, ಮೊಬೈಲ್ ಸಿಗ್ನಲ್ಲೂ ಮುಗಿದು, ಆಮೇಲೂ ಹರೀತಾನೇ ಇರೋ ಒಂದು ಹೊಳೆ. ಆ ಹೊಳೆ ದಡದಲ್ಲಿ ಒಬ್ಬ ಗುರು.

ಹೆಸರು ವಾರಿಜಕ್ಕ. ಆಶ್ರಮ ಅಂದ್ರೆ ಒಂದು ತಗಡಿನ ಶೆಡ್ಡು. ಕಲಿಸೋ ವಿದ್ಯೆ ಅಂದ್ರೆ, ವಿಮಾನ ಹಾರಿಸೋದು!

ದೊಡ್ಡ ವಿಮಾನ ಏನಲ್ಲ, ಪುಟಾಣಿ. ಚಕ್ರ ಇರಬೇಕಾದ ಜಾಗದಲ್ಲಿ ಉದ್ದುದ್ದ ಎರಡು ದೋಣಿ ಕಟ್ಟಿದ ಹಾಗಿತ್ತು. ನೀರಿನ ಮೇಲೇ ಇಳೀತಿತ್ತು, ನೀರಿನ ಮೇಲಿಂದಾನೇ ಏಳ್ತಿತ್ತು.

ಶಿಷ್ಯ ನೇಮಿ. ಅವನಿಗೆ ಅಕ್ಕ ಅಂದ್ರೆ ಪ್ರಾಣ. ಅಕ್ಕ ಹೊಳೆಗೆ ಇಳಿಸಿದ್ರೆ ಹಿಂದಿನ ಸೀಟಲ್ಲಿ ಕೂತವರ ಕೈಲಿರೋ ಚಹಾ ತುಳುಕ್ತಿರಲಿಲ್ಲ. ಬಿದಿರಿಗೆ ಕಟ್ಟಿದ ಹಳೇ ಸೀರೆ ಚೂರು ಅಲ್ಲಾಡೋದು ನೋಡಿ ಗಾಳಿ ಎತ್ತ ತಿರುಗುತ್ತೆ ಅಂತ ಹೇಳ್ಬಿಡೋರು. ಇಂಥವರ ಹತ್ರ ಕಲೀತಿದ್ದೀನಲ್ಲಪ್ಪಾ ಅಂತ ನೇಮಿಗೆ ಊಟ ಮಾಡುವಾಗಲೂ ಸಡಗರ, ಹಲ್ಲುಜ್ಜುವಾಗಲೂ ಸಡಗರ.

ಒಂದು ದಿನ ಅಕ್ಕ ಅಂದ್ರು, "ಇವತ್ತು ನೀನೇ ಹಾರಿಸು. ನಾನು ಪಕ್ಕದಲ್ಲಿ ಕೂತಿರ್ತೀನಿ."

"ನಾನಾ? ಇವತ್ತಾ? ಅಕ್ಕಾ, ನಿಜವಾಗ್ಲೂನಾ?"

"ಇಲ್ಲಿ ಇನ್ಯಾರಿದ್ದಾರೆ?"

ಇವತ್ತು ಅಂದ್ರೆ ಸುಮ್ನೆ ಅಲ್ಲ. ಇವತ್ತು ಮೀನು ಎಣಿಸೋ ದಿನ.

ಕಡಲಿನ ಮೀನುಗಳು ಮೊಟ್ಟೆ ಇಡೋಕೆ ಈ ಹೊಳೆ ಹತ್ತಿ ಬರ್ತವೆ. ಕಾಡಿನ ಒಳಗೆ ಒಂದು ಆಳದ ಮಡು ಇದೆ, ಅಲ್ಲಿ ಸೇರ್ತವೆ. ಆ ಮಡುವಿನಲ್ಲಿ ಬೇಕಾದಷ್ಟು ಮೀನು ಸೇರಿದ್ರೆ ಮಾತ್ರ ಹೊಳೆ ಕೆಳಗಿನ ದೋಣಿಯವರಿಗೆ ಬಲೆ ಬೀಸೋಕೆ ಅಪ್ಪಣೆ. ಇಲ್ಲಾಂದ್ರೆ ಈ ವರ್ಷ ಪೂರ್ತಿ ಹೊಳೆ ಬಂದ್. ಮಡುವಿಗೆ ಕಾಲುದಾರಿನೂ ಇಲ್ಲ. ಮೇಲಿಂದಾನೇ ನೋಡ್ಬೇಕು. ನೋಡಿ ಹೇಳೋರು ಫಿಶರೀಸಿನ ಹನೀಫ್ ಸಾಹೇಬ್ರು.

ದಡದಲ್ಲಿ ದುಗ್ಗಮ್ಮ ಬಲೆ ರಾಶಿ ಹಾಕ್ಕೊಂಡು ಕೂತಿದ್ಲು. ಅವಳ ಹಿಂದೆ ಎಲ್ಲಾ ದೋಣಿಯವರೂ.

"ಏನಪ್ಪಾ ಪೈಲಟ್ಟು, ಬಲೆ ಬಿಚ್ಚಲಾ, ಮಡಚಲಾ?" ಅಂತ ಕೂಗಿದ್ಲು.

"ಬಿಚ್ಚು ದುಗ್ಗಮ್ಮಾ! ನಾನು ಹೋಗ್ತಿದ್ದೀನಲ್ಲ!"

"ನೀನು ಹೋಗೋದಕ್ಕೇ ಕೇಳ್ತಿರೋದು ಮಾರಾಯ."

ಎಲ್ಲಾ ನಕ್ರು. ನೇಮಿನೂ ನಕ್ಕ. ಹನೀಫ್ ಸಾಹೇಬ್ರು ಹಿಂದಿನ ಸೀಟು ಹತ್ತಿದ್ರು. ವಾರಿಜಕ್ಕ ಬೆಲ್ಟ್ ಬಿಗಿದುಕೊಂಡು ಒಂದೇ ಮಾತು ಹೇಳಿದ್ರು.

"ಬಿಸಿಲು ನೋಡ್ಕೊಂಡು ಹಾರಿಸು."

"ಹೂಂ ಅಕ್ಕಾ!" ಅಂದ ನೇಮಿ, ಜೇಬಿಂದ ಕೂಲಿಂಗ್ ಗ್ಲಾಸ್ ತೆಗೆದು ಹಾಕ್ಕೊಂಡ.

ಅಬ್ಬಾ, ಎಂಥಾ ಹಾರಾಟ! ನೀರು ಸೀಳ್ಕೊಂಡು ಎದ್ದ. ಹೊಳೆ ತಿರುಗಿದ ಕಡೆಗೆಲ್ಲಾ ತಿರುಗಿದ. ಮಡು ಬಂದಿದ್ದೇ ತಡ, ಸಾಹೇಬ್ರಿಗೆ ಚೆನ್ನಾಗಿ ಕಾಣ್ಲಿ ಅಂತ ಕೆಳಗಿಳಿದ. ಇನ್ನೂ ಕೆಳಗೆ. ನೀರಿನ ನಟ್ಟನಡುವೆ, ಮರದ ಸಾಲಿಗಿಂತ ಸ್ವಲ್ಪವೇ ಮೇಲೆ, ರೆಕ್ಕೆ ವಾಲಿಸಿ ಸುತ್ತು ಹೊಡೆದ.

"ಕಾಣ್ತಿದೆಯಾ ಸಾಹೇಬ್ರೇ?"

"ನೀರು ಕಾಣ್ತಿದೆ."

"ಮೀನು?"

"ನೀರು ಕಾಣ್ತಿದೆ ಅಂದ್ನಲ್ಲ."

ಇನ್ನೊಂದು ಸುತ್ತು, ಇನ್ನೂ ತಗ್ಗಿ. ಸಾಹೇಬ್ರು ಕಿಟಕಿಗೆ ಹಣೆ ಒತ್ತಿ ನೋಡಿದ್ರು, ಆಮೇಲೆ ಹಿಂದಕ್ಕೆ ಒರಗಿದ್ರು.

"ಬರಿದು. ಹೊಳೆ ಬಂದ್ ಮಾಡ್ಬೇಕಾಗುತ್ತೆ."

ನೇಮಿ ದುಗ್ಗಮ್ಮನಿಗೆ ಬಲೆ ಬಿಚ್ಚು ಅಂತ ಹೇಳಿ ಬಂದಿದ್ದಾನೆ!

"ಸಾಹೇಬ್ರೇ, ಸ್ವಲ್ಪ ಇದೆ ಅಂತನಾದ್ರೂ ಹೇಳ್ಬಿಡಿ. ಪಾಪ, ಅಷ್ಟು ಜನ ಕಾಯ್ತಿದ್ದಾರೆ."

"ಆಮೇಲೆ ಮೊಟ್ಟೆ ಯಾರಿಡ್ತಾರೆ? ನೀನಾ?"

ವಾರಿಜಕ್ಕ ಕೈ ತೋರಿಸಿದ್ರು. "ಅಗೋ, ಆ ಮರಳು ದಿಬ್ಬದ ಹತ್ರ ಇಳಿಸು. ಹಸಿವಾಗ್ತಿದೆ."

ಇಳಿಸಿದ. ಮಡುವಿನ ಕೆಳಗೆ, ತಿರುವು ದಾಟಿ, ಹೊಳೆ ತೆಳ್ಳಗಾಗೋ ಜಾಗ. ಸಾಹೇಬ್ರು ಮುಖ ಸಣ್ಣ ಮಾಡ್ಕೊಂಡು ನೆರಳು ಹುಡುಕಿ ಹೋದ್ರು. ಅಕ್ಕ ಅವಲಕ್ಕಿ ಡಬ್ಬಿ ಬಿಚ್ಚಿದ್ರು.

ನೇಮಿಗೆ ತಡೀಲಿಲ್ಲ. "ಅಕ್ಕಾ, ಮೀನಿಲ್ಲ ಅನ್ನೋದು ಬಿಡಿ. ನಾನು ಹೇಗೆ ಹಾರಿಸ್ದೆ, ಹೇಳಿ?"

"ಜೋರಾಗಿ ಹಾರಿಸ್ದೆ. ಎಲ್ರೂ ನಿನ್ನನ್ನೇ ನೋಡಿದ್ರು."

"ಯಾರು ನೋಡಿದ್ರು? ಈ ಕಾಡಲ್ಲಿ ಯಾರಿದ್ದಾರೆ?"

ಅಕ್ಕ ಒಂದು ಹಿಡಿ ಅವಲಕ್ಕಿ ನೀರಿಗೆ ಎಸೆದ್ರು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಪುಟ್ಟ ಮೀನು. ಅದರ ಹಿಂದೆ ಇನ್ನೊಂದು. ನೋಡ್ತಿದ್ದ ಹಾಗೇ ಒಂದು ಸಂತೆ!

"ಅಯ್ಯೋ ಅಕ್ಕಾ, ಎಷ್ಟೊಂದು!" ನೇಮಿ ಎದ್ದು ಓಡಿದ, ನೀರಿನ ಮೇಲೆ ಬಗ್ಗಿದ.

ಒಂದೂ ಇಲ್ಲ.

"ಎಲ್ಲೋದ್ವು?"

ಅಕ್ಕ ಇನ್ನೊಂದು ಹಿಡಿ ಎಸೆದ್ರು. "ಆಚೆ ದಡಕ್ಕೆ ಹೋಗಿ ನೋಡು."

ಮೊಣಕಾಲು ನೀರಲ್ಲಿ ದಾಟಿ ಹೋದ. ಸೂರ್ಯ ನೇರ ಕಣ್ಣಿಗೇ.

"ಏನು ಕಾಣ್ತಿದೆ?"

"ಫಳಫಳ ಅಂತಿದೆ ಅಕ್ಕಾ. ಅಷ್ಟೇ."

"ವಾಪಸ್ ಬಾ. ಇಲ್ಲಿ, ನನ್ನ ಪಕ್ಕ ಕೂತ್ಕೋ. ಮುಂದೆ ಹೋಗ್ಬೇಡ."

ಕೂತ. ಬಿಸಿಲು ಬೆನ್ನ ಮೇಲೆ ಬಿತ್ತು. ಮೀನುಗಳು ಒಂದೊಂದಾಗಿ ಬಂದ್ವು. ಒಂದರ ಬೆನ್ನ ಮೇಲಿದ್ದ ಗೆರೆ ಕೂಡ ಕಾಣ್ತಿತ್ತು. ನೇಮಿ ಖುಷಿಗೆ ಕೈ ಚಾಚಿದ. ಕೈ ನೀರು ಮುಟ್ಟೋ ಮೊದಲೇ, ಮರಳಿನ ಮೇಲಿದ್ದ ಕೈಯ ನೆರಳು ಜಾರಿ ನೀರಿಗೆ ಹೋಯ್ತು.

ಸರ್ರ್! ಖಾಲಿ.

ನೇಮಿ ಕೈ ಹಿಂದಕ್ಕೆ ಎಳ್ಕೊಂಡ. ಮರಳಿನ ಮೇಲೆ ತನ್ನ ನೆರಳು ನೋಡಿದ. ತಲೆ ಎತ್ತಿ ವಿಮಾನದ ರೆಕ್ಕೆ ನೋಡಿದ.

"ಅಕ್ಕಾ... ಅಷ್ಟು ದೊಡ್ಡ ರೆಕ್ಕೆ. ಅವುಕ್ಕೆ ಗಿಡುಗ ಬಂದ ಹಾಗೆ ಅನ್ಸಿರುತ್ತೆ."

ಅಕ್ಕ ಅವಲಕ್ಕಿ ಅಗೀತಿದ್ರು.

"ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕಾ?"

"ಬಿಸಿಲು ನೋಡ್ಕೋ ಅಂದೆ. ನೀನು ಕನ್ನಡಕ ಹಾಕ್ಕೊಂಡೆ."

ನೇಮಿ ಕೂಲಿಂಗ್ ಗ್ಲಾಸ್ ತೆಗೆದು ಜೇಬಿಗೆ ತುರುಕಿದ. "ಈಗ್ಲೇ ಹೋಗೋಣ! ಬನ್ನಿ!"

"ಹೆದರಿದವು ಇನ್ನೂ ಬಂಡೆ ಕೆಳಗಿವೆ. ತಿನ್ನು."

ತಿಂದ. ಅವನು ಮಾತಿಲ್ಲದೆ ತಿಂದಿದ್ದು ಅದೇ ಮೊದಲು.

ಅಕ್ಕ ಡಬ್ಬಿ ತೊಳೆದು, ಹನೀಫ್ ಸಾಹೇಬ್ರನ್ನ ಕೂಗಿದ್ರು. ಸಾಹೇಬ್ರು ಗೊಣಗ್ತಾನೇ ಬಂದ್ರು. "ನೋಡಿದ್ದನ್ನೇ ಮತ್ತೆ ನೋಡ್ಬೇಕಾ?"

"ಹುಡುಗ ಈಗ ದಾರಿ ಕಲಿತಿದ್ದಾನೆ," ಅಂದ್ರು ಅಕ್ಕ.

ಈ ಸಲ ನೇಮಿ ಮೇಲಕ್ಕೆ ಹೋದ. ಬಿಸಿಲು ಬೆನ್ನಿಗೆ, ಹೊಳೆ ಪಕ್ಕಕ್ಕೆ. ವಿಮಾನದ ನೆರಳು ದಡದ ಮರಗಳ ಮೇಲೆ ಓಡ್ತಿತ್ತು. ಗಾಳಿ ಹೊಳೆ ಕಡೆ ತಳ್ಳಿತು, ನೆರಳು ನೀರಿನ ಅಂಚಿಗೆ ಬಂತು. ಅಯ್ಯೋ! ಮೆಲ್ಲಗೆ ಎಳ್ದ. ಮರದ ಮೇಲಕ್ಕೆ ಬಂತು. ಮತ್ತೆ ಜಾರಿತು, ಮತ್ತೆ ಎಳ್ದ. ಆ ಕಪ್ಪು ಚುಕ್ಕೆಯನ್ನೇ ನೋಡ್ತಿದ್ದ. ಮಡುವಿನ ಕಡೆ ತಿರುಗಿ ನೋಡೋಕೆ ಜೀವ ತುಡೀತಿತ್ತು. ನೋಡ್ಲಿಲ್ಲ.

ಹಿಂದಿನ ಸೀಟಲ್ಲಿ ಸಾಹೇಬ್ರು ಮತ್ತೆ ಕಿಟಕಿಗೆ ಹಣೆ ಒತ್ತಿದ್ರು.

ಆಮೇಲೆ, "ಯಾ ಅಲ್ಲಾಹ್."

"ಏನು ಸಾಹೇಬ್ರೇ? ಏನು?"

"ಮಾತಾಡ್ಬೇಡ! ಹೀಗೇ ಹೋಗ್ತಿರು." ಸಾಹೇಬ್ರು ಬೆರಳಲ್ಲಿ ಗಾಜು ಕುಟ್ಟಿದ್ರು. "ಮಡುವಿನ ತಳ ಕಾಣ್ತಿಲ್ಲ. ಮೀನಿನ ಬೆನ್ನು, ಬರೀ ಮೀನಿನ ಬೆನ್ನು. ಇಳೀಲಿ ಅವರ ಬಲೆ, ಇಳೀಲಿ!"

ನೇಮಿ ಕಣ್ಣು ಮಂಜಾಯ್ತು. ಆದ್ರೂ ನೆರಳು ಮರದ ಮೇಲೇ ಇತ್ತು.

ಆ ಸಂಜೆ ಹೊಳೆ ತುಂಬಾ ದೋಣಿ. ದುಗ್ಗಮ್ಮ ಮೊದಲ ಮೀನಿನ ಸಾರು ಮಾಡಿ ಮಡಿಕೆ ಸಮೇತ ಶೆಡ್ಡಿಗೇ ತಂದ್ಲು. "ಪೈಲಟ್ಟು, ದೊಡ್ಡ ತುಂಡು ನಿಂಗೇ," ಅಂತ ಬಡಿಸಿ ಹೋದ್ಲು.

ನೇಮಿ ತಟ್ಟೆ ನೋಡ್ತಾ ಕೂತ.

"ಅಕ್ಕಾ, ಇಷ್ಟು ವರ್ಷ ಹಾರಿಸಿದ್ದೀರಲ್ಲ. ಮಡು ತುಂಬಿರೋದನ್ನ ಯಾವತ್ತಾದ್ರೂ ನೋಡಿದ್ದೀರಾ?"

"ಇಲ್ಲ."

"ಒಂದ್ಸಲಾನೂ?"

"ನಾನು ನೋಡೋಕೆ ಹೋದ್ರೆ ಸಾಹೇಬ್ರಿಗೆ ಕಾಣಲ್ಲ."

ನೇಮಿ ಒಂದು ತುತ್ತು ಬಾಯಿಗಿಟ್ಟ. ಆದ್ರೆ ನೇಮಿ ಎಷ್ಟು ಹೊತ್ತು ಸುಮ್ಮನಿರ್ತಾನೆ?

"ಅಕ್ಕಾ, ಅದೊಂದು ಹೇಳ್ಬಿಡಿ. ಎರಡನೇ ಸಲ ನಾನು ಹೇಗೆ ಹಾರಿಸ್ದೆ?"

ವಾರಿಜಕ್ಕ ಮೀನಿನ ಮುಳ್ಳು ಬಿಡಿಸಿ ತಟ್ಟೆಯಂಚಿಗೆ ಇಟ್ರು.

"ಮಡುವಿನ ಮೀನುಗಳನ್ನ ಕೇಳ್ದೆ ಮಗಾ. 'ಯಾವ ವಿಮಾನ?' ಅಂತಿವೆ."