ಓಣಿಯಲ್ಲಿ ತಿರುಗಿದ ಕೆಂಚಿ

ಬಿದಿರು ಒತ್ತಾಗಿ ಬೆಳೆದ ಕಾಡೊಂದರಲ್ಲಿ ಕಾಡುಕೋಣಗಳ ಹಿಂಡೊಂದಿತ್ತು, ಮಕ್ಕಳೇ. ಹಿಂಡಿನ ಯಜಮಾನಿ ಬೂದವ್ವ. ಆಕೆಯ ಕಾಲಿಗೆ ಏಟು ಬಿದ್ದ ಮೇಲೆ ಮಗಳು ಕೆಂಚಿ ಮುಂದೆ ನಡೆಯತೊಡಗಿದ್ದಳು. "ನಮ್ಮ ಹಿಂಡು ಇಟ್ಟ ಹೆಜ್ಜೆ ಹಿಂದಕ್ಕಿಡುವುದಿಲ್ಲ" ಎಂದು ಅವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೆಂಚಿಗಂತೂ ಆ ಮಾತೆಂದರೆ ಪ್ರಾಣ.

ಒಂದು ಮಧ್ಯಾಹ್ನ ಕಾಡಿಗೆ ಬೆಂಕಿ ಬಿತ್ತು. ಹೊಳೆ ದಾಟಿದರಷ್ಟೇ ಉಳಿವು. ಗುಡ್ಡ ಸುತ್ತಿ ಹೋದರೆ ಬಳಸುದಾರಿ. ಬಂಡೆಗಳ ನಡುವೆ ಹೋದರೆ ಕಿರಿದಾದ ಓಣಿ, ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ಗಾಳಿ ಯಾವ ಕಡೆಗಿದೆಯೆಂದು ಮೂಸಿ ನೋಡಿ ಹೊರಡು ಎಂದಳು ಬೂದವ್ವ. ಕೆಂಚಿ ಅವಸರದಲ್ಲಿ ಓಣಿಗೇ ನುಗ್ಗಿದಳು. ಹಿಂಡು ಹಿಂಬಾಲಿಸಿತು. ಕುಂಟುವ ಬೂದವ್ವ ಎಲ್ಲರಿಗಿಂತ ಹಿಂದೆ ಉಳಿದಳು.

ಅರ್ಧ ದಾರಿಯಲ್ಲಿ ಎದುರಿನಿಂದ ಹೊಗೆ ಬಂತು. ಓಣಿಯ ಆ ತುದಿಯಲ್ಲೇ ಬಿದಿರು ಸಿಡಿಯುತ್ತಿತ್ತು. ತಪ್ಪಾಯಿತೆಂದು ಕೆಂಚಿಗೆ ಗೊತ್ತಾಯಿತು, ತಿರುಗಲು ಮಾತ್ರ ಮನಸ್ಸು ಬರಲಿಲ್ಲ. ಹಿಂದಿನಿಂದ ಸೋದರಮಾವ ಡುಬ್ಬಣ್ಣ ಬೇರೆ, "ಏನಮ್ಮ ಯಜಮಾನಿ, ನಿಂತೇಬಿಟ್ಟೆ? ನಿಮ್ಮವ್ವ ಹೀಗೆ ನಿಂತದ್ದು ನಾನು ಕಾಣೆ" ಎಂದು ಕುಟುಕಿದ. ಕೆಂಚಿ ಮತ್ತೆ ಮುಂದಕ್ಕೆ ನಡೆದಳು.

ಕಿಡಿಯೊಂದು ಹಾರಿ ಬಂದು ಅವಳ ಬೆನ್ನ ಹಿಂದೆಯೇ ಇದ್ದ ಪುಟ್ಟ ಕರುವಿನ ಬೆನ್ನು ಸುಟ್ಟಿತು. ಕರು ಅಳಲಿಲ್ಲ. ಯಜಮಾನಿ ನಡೆಯುತ್ತಿದ್ದಾಳಲ್ಲ ಎಂದುಕೊಂಡು ತಾನೂ ಬೆಂಕಿಯ ಕಡೆಗೇ ಕಾಲು ಹಾಕಿತು.

ಕತ್ತು ಹೊರಳಿಸಿ ಅದನ್ನು ಕಂಡ ಕೆಂಚಿ ನಿಂತಳು.

"ಮಾವಾ, ದಾರಿ ತಪ್ಪಿಸಿದವಳು ನಾನು. ಎಲ್ಲರೂ ಇದ್ದಲ್ಲೇ ತಿರುಗಿ."

"ಮತ್ತೆ ನಮ್ಮ ಹಿಂಡಿನ ಮಾತು?"

"ಆ ಮಾತಿಗಾಗಿ ಈ ಕರು ಸುಟ್ಟುಹೋಗಬೇಕೇ?"

ಕೊಂಬುಗಳನ್ನು ಬಂಡೆಗೆ ಉಜ್ಜುತ್ತ ಹಿಂಡು ತಿರುಗಿತು. ಈಗ ಕುಂಟುವ ಬೂದವ್ವನೇ ಮುಂದೆ; ಬೆಂಕಿಗೆ ಎಲ್ಲರಿಗಿಂತ ಹತ್ತಿರ ಕೆಂಚಿ. ಸಾಲು ಬೂದವ್ವನ ಕಾಲಿಗೆ ತಕ್ಕಂತೆ ನಿಧಾನವಾಗಿ ಸಾಗಿತು. ಡುಬ್ಬಣ್ಣನಿಗೆ ತಡೆಯಲಾಗಲಿಲ್ಲ, ಮುಂದಿದ್ದವರನ್ನು ನೂಕತೊಡಗಿದ.

"ನೂಕಬೇಡ ಮಾವಾ. ಅವ್ವ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತದೆ. ಬೆಂಕಿ ಬಂದರೆ ಮೊದಲು ನನ್ನನ್ನು ಮುಟ್ಟಲಿ" ಎಂದಳು ಕೆಂಚಿ.

ಬೆಂಕಿ ಮುಟ್ಟಿಯೂ ಮುಟ್ಟಿತು. ಬಾಲದ ಕೂದಲೆಲ್ಲ ಸುಟ್ಟುಹೋಯಿತು. ಅವಳು ಕರುವನ್ನು ಮುಂದಕ್ಕೆ ಒತ್ತುತ್ತ ನಡೆದಳು. ಓಣಿ ದಾಟಿ, ಗುಡ್ಡ ಸುತ್ತಿ, ಎಲ್ಲರೂ ಹೊಳೆಗಿಳಿದು ಆಚೆ ದಡ ಸೇರಿದರು.

ಇನ್ನು ಮೇಲೆ ಬೇರೆ ಯಾರಾದರೂ ಮುಂದೆ ನಡೆಯಲಿ ಎಂದು ಕೆಂಚಿ ತಲೆ ತಗ್ಗಿಸಿ ಕೇಳಿಕೊಂಡಳು.

"ಓಣಿಗೆ ನುಗ್ಗಿದ್ದು ತಪ್ಪು, ಅದನ್ನು ನಾನು ಮರೆಯುವುದಿಲ್ಲ" ಎಂದಳು ಬೂದವ್ವ. "ಆದರೂ ನಾಳೆ ನೀನೇ ಮುಂದೆ ನಡೆಯಬೇಕು. ಈಗ ಹೋಗಿ ಆ ಕರುವಿನ ಬೆನ್ನಿಗೆ ಕೆಸರು ಮೆತ್ತು. ಅದು ನಿನ್ನನ್ನು ನಂಬಿ ನಡೆದಿತ್ತು."

ನೀತಿ: ದಾರಿ ತಪ್ಪೆಂದು ತಿಳಿದ ಕ್ಷಣವೇ ನಾಯಕನಾದವನು ಒಪ್ಪಿಕೊಂಡು ತಿರುಗಬೇಕು, ತಿರುಗಿದ ಮೇಲೆ ಅಪಾಯದ ಕಡೆಗೆ ತಾನೇ ನಿಲ್ಲಬೇಕು.