ಹಗ್ಗದಲ್ಲಿ ಒಂದು ಹಿಡಿ ಜಾಗ

ಶಿಷ್ಯ ಕೇಳಿದ: "ಗುರುಗಳೇ, ಹೊಸದಾಗಿ ಮಠಕ್ಕೆ ಬಂದ ಹುಡುಗನಿಗೆ ಯಾವ ಕೊರತೆಯೂ ಇಲ್ಲ. ಹೊತ್ತುಹೊತ್ತಿಗೆ ಊಟವಿದೆ, ಬೈಯುವವರಿಲ್ಲ. ಆದರೂ ಅವನ ಮನಸ್ಸು ದಿನದಿನಕ್ಕೆ ಮುದುಡುತ್ತಿದೆ. ಅವನಿಗೆ ಧೈರ್ಯ ತುಂಬುವುದು ಹೇಗೆ?"

ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅಲ್ಲಿ ನೀರಿನ ಸೆಳೆತ ಜಾಸ್ತಿ. ಸಂಜೆಯ ಕೊನೆಯ ದೋಣಿಗೆ ಹಗ್ಗ ಕಟ್ಟಿ ಮನೆಮಂದಿಯೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದರು. ಹಗ್ಗದಲ್ಲಿ ಪ್ರತಿಯೊಬ್ಬರಿಗೂ ಒಂದು ಹಿಡಿ ಜಾಗ. ಗುರುತಿಗೆ ಅವರವರ ಹಳೆಯ ಬಟ್ಟೆಯ ಚೂರು ಸುತ್ತಿರುತ್ತಿತ್ತು. ಇನ್ನೊಬ್ಬರ ಚೂರಿನ ಮೇಲೆ ಯಾರೂ ಕೈ ಇಡುತ್ತಿರಲಿಲ್ಲ.

ಆ ದಡದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮುಸ್ಸಂಜೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿಗಷ್ಟೇ ಓಗೊಡಬೇಕು. ಏಕೆಂದರೆ ಹೊಳೆಯೂ ಕರೆಯುತ್ತದೆ. ಎರಡು ಸಲಕ್ಕಿಂತ ಹೆಚ್ಚು ಕರೆಯಲು ಅದಕ್ಕೆ ಬರುವುದಿಲ್ಲ. ನಂಬದವರು ನಗಬಹುದು. ದಡದವರು ನಗುತ್ತಿರಲಿಲ್ಲ.

ಅಂಬಿಗನ ತಂಗಿ ತೀರಿಹೋದಳು. ಅವಳ ಮಗಳು, ಹದಿನಾರರ ಚಂದವ್ವನನ್ನು ಅವನು ಮನೆಗೆ ಕರೆತಂದ. ತಬ್ಬಲಿಯೆಂದು ಅಂಗೈಯಲ್ಲಿಟ್ಟು ನೋಡಿಕೊಂಡ. ಮೊದಲ ರೊಟ್ಟಿ ಅವಳಿಗೇ. ಅವಳು ಕಸಬರಿಗೆ ಹಿಡಿದರೆ ಅತ್ತೆ ಕಿತ್ತುಕೊಂಡಳು. ಹಗ್ಗದ ಬಳಿ ಬಂದರೆ ಅಂಬಿಗ, "ನಿನಗ್ಯಾಕವ್ವ ಇದು, ಕೈ ಸುಲೀತೈತಿ, ಕೂಡು" ಎಂದ. ತನ್ನ ಮಕ್ಕಳನ್ನು ಬಾಯಿಗೆ ಬಂದಂತೆ ಬೈದು ದುಡಿಸಿದ. ಇವಳನ್ನು ಒಂದು ದಿನವೂ ಬೈಯಲಿಲ್ಲ. ಅವನ ಮನಸ್ಸು ಒಳ್ಳೆಯದೇ, ಬುದ್ಧಿ ಮಾತ್ರ ಸ್ವಲ್ಪ ಹಿಂದೆ ನಡೆಯುತ್ತಿತ್ತು.

ಕೆಲವು ತಿಂಗಳಲ್ಲಿ ಹುಡುಗಿಯ ಮಾತು ನಿಂತಿತು. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಒಂದು ಸಂಜೆ ಅವಳ ಲಂಗದ ಅಂಚು ಒದ್ದೆಯಾಗಿತ್ತು. ಮರುದಿನ ಮೊಣಕಾಲಿನವರೆಗೆ. ಅಂಬಿಗ ಅವಳಿಗೆ ತಾಯಿತ ಕಟ್ಟಿಸಿದ. ಸಂಜೆಯಾದೊಡನೆ ಅವಳನ್ನು ಒಳಗೆ ಕೂಡಿಸಿ ಹೊರಗಿನಿಂದ ಅಗಳಿ ಹಾಕಿದ. ಒದ್ದೆ ಸೊಂಟಕ್ಕೇರಿತು. ಅಗಳಿ ಹಾಕಿದಂತೆಯೇ ಇತ್ತು.

ಮುಂದಿನ ಸಂಜೆ ಮನೆಯ ಉಳಿದವರೆಲ್ಲ ನೆಂಟರ ಮದುವೆಗೆ ಹೋಗಿದ್ದರು. ಹಿರಿಮಗ ಎಂಟು ಜನರನ್ನು ಕೂಡಿಸಿಕೊಂಡು ದೋಣಿ ತರುತ್ತಿದ್ದ. ದಡದಲ್ಲಿ ಹಗ್ಗ ಹಿಡಿದವನು ಅಂಬಿಗ ಒಬ್ಬನೇ. ಮಂಜು ಇಳಿದಿತ್ತು. ಆಗ ನೀರಿನ ಕಡೆಯಿಂದ ಒಂದು ಕೂಗು ಬಂತು.

"ಚಂದವ್ವಾ, ಬಾ. ಹಗ್ಗದಾಗ ನಿನ್ನ ಜಾಗ ಖಾಲಿ ಐತಿ."

ಅದು ಅಂಬಿಗನದೇ ಧ್ವನಿ. ಅವನು ತುಟಿ ತೆರೆದಿರಲಿಲ್ಲ.

ನೋಡಿದರೆ, ಅಗಳಿ ಹಾಕಿ ಒಳಗೆ ಬಿಟ್ಟುಬಂದಿದ್ದ ಹುಡುಗಿ ಆಗಲೇ ನೀರಿನಲ್ಲಿದ್ದಳು. ಅವಳು ಎರಡನೆಯ ಕೂಗಿಗೂ ಕಾಯಲಿಲ್ಲ.

"ಚಂದವ್ವಾ, ಹೋಗಬ್ಯಾಡ!"

"ಮಾವ, ಅಲ್ಲಿ ನನಗೊಂದು ಜಾಗ ಐತಂತ," ಎಂದಳು ಅವಳು, ಹಿಂದಿರುಗಿ ನೋಡದೆ. "ಅವರು ಕಾಯಾಕತ್ತಾರ."

ಹಗ್ಗ ಬಿಟ್ಟರೆ ದೋಣಿ ಹೋಗುತ್ತದೆ, ಬಿಡದಿದ್ದರೆ ಹುಡುಗಿ ಹೋಗುತ್ತಾಳೆ. ಅಂಬಿಗನಿಗೆ ಅಳು ಬಂತು. ಅವಳ ತಾಯಿಯ ಹೆಸರು ಹೇಳಿ ಕರೆದ. ಅವಳು ನಿಲ್ಲಲಿಲ್ಲ. ನೀರು ಎದೆ ಮುಟ್ಟಿತು. ಅವನ ಅಂಗೈ ಸುಲಿದು ಹಗ್ಗ ಜಾರತೊಡಗಿತು. ಮೂರನೆಯ ಸಲ ಅವನಿಗೆ ಮುದ್ದು, ಮರುಕ ಯಾವುದೂ ನೆನಪಿರಲಿಲ್ಲ.

"ಚಂದವ್ವಾ! ನನ್ನ ಕೈ ಸೋತಾವು! ನೀ ಹಿಡೀಲಿಲ್ಲಂದ್ರ ದೋಣಿ ಹೋತು! ಬಾರೇ ಮೂಳಿ!"

ಹುಡುಗಿ ತಿರುಗಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಓಡಿಬಂದಳು. ಹಗ್ಗಕ್ಕೆ ಬಿದ್ದು ಎಳೆದಳು. ಎಳೆಯುವಾಗ ಹೊಳೆ ಅಂಬಿಗನ ಧ್ವನಿಯಲ್ಲಿ ಇನ್ನೊಮ್ಮೆ ಕರೆಯಿತು. ಅವಳ ಕೈ ಸಡಿಲಾಗಲಿಲ್ಲ. ದೋಣಿ ದಡ ಕಂಡಿತು.

ಮರುದಿನ ಅತ್ತೆ ಅವಳ ಅಂಗೈಗೆ ಎಣ್ಣೆ ಹಚ್ಚುತ್ತ, ಹಗ್ಗ ಹಿಡಿಯಲು ಬಾರದ ಮೊದ್ದು ಎಂದು ಮನಸಾರೆ ಬೈದಳು. ಹುಡುಗಿ ಮೂರು ರೊಟ್ಟಿ ತಿಂದಳು.

ಶಿಷ್ಯ ಕೇಳಿದ: "ಆಮೇಲೆ ಹೊಳೆ ಕರೆಯುವುದು ನಿಂತಿತೇ?"

"ಇಲ್ಲ. ಕೆಲವು ಸಂಜೆ ಕರೆಯುತ್ತದೆ. ಅವಳಿಗೆ ಪುರಸೊತ್ತಿಲ್ಲ," ಎಂದರು ಗುರುಗಳು. ಶಿಷ್ಯನಿಗೆ ಸಮಾಧಾನವಾಯಿತು. ಎದ್ದು ಹೊರಡಲಿದ್ದವನನ್ನು ಅವರು ತಡೆದು ಕೇಳಿದರು:

"ನಾಳೆ ಆ ಹುಡುಗ ಇಲ್ಲವಾದರೆ ನಮ್ಮ ಮಠದಲ್ಲಿ ಯಾವ ಕೆಲಸ ನಿಲ್ಲುತ್ತದೆ, ಹೇಳು?"