ಮುದಿ ಲಾರಿಯ ಹಬ್ಬದ ಎಣ್ಣೆ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ, ಒಂದು ಲಾರಿಯ ಕಥೆ ಹೇಳ್ತೀನಿ. ತಿಪ್ಪೇಸ್ವಾಮಿಗೆ ಒಂದು ಮುದಿ ಡೀಸೆಲ್ ಲಾರಿ ಇತ್ತು. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಗುಜರಿಗೆ ಹಾಕೋಣ ಅಂತ ಅವನ ತಮ್ಮ ಹಟ ಹಿಡಿದಿದ್ದ. ಆಯುಧಪೂಜೆ ಬಂತು. ಹೆತ್ತಮ್ಮನಿಗೆ ರೇಷ್ಮೆ ಸೀರೆ ತಂದ ಹಾಗೆ, ತಿಪ್ಪೇಸ್ವಾಮಿ ಲಾರಿಗೆ ಒಳಗಿನ ಕೊಳೆಯನ್ನೆಲ್ಲ ತೊಳೆಯೋ ದುಬಾರಿ ಸಿಂಥೆಟಿಕ್ ಎಣ್ಣೆ ತಂದು ಸುರಿದು ಇಂಜಿನ್ ಶುರು ಮಾಡಿದ.

ಹೊಸ ಎಣ್ಣೆ ಒಳಗಿಳಿದದ್ದೇ ಟೊಂಕ ಕಟ್ಟಿ ನಿಂತಿತು. ಮೂಲೆಯಲ್ಲಿದ್ದ ಹಳೇ ಜಿಡ್ಡನ್ನು ಕಂಡು, "ಏಳಜ್ಜ, ಹಬ್ಬದ ದಿನವೂ ಸ್ನಾನ ಇಲ್ಲವೇ?" ಅಂದಿತು.

"ಎಣ್ಣೆ ಸೋರದಂತೆ ತಡೆಯೋ ಇಲ್ಲಿನ ರಬ್ಬರ್ ಸೀಲು ಬಿರುಕು ಬಿಟ್ಟಿದೆ ಮಗೂ. ಅದಕ್ಕೇ ಅಡ್ಡ ಕೂತಿದ್ದೇನೆ."

"ಏಳೋಕೆ ಬೇಜಾರು ಅನ್ನು!" ಅಂತ ನಗುತ್ತಾ ಹೊಸ ಎಣ್ಣೆ ಜಿಡ್ಡಜ್ಜನನ್ನು ತಿಕ್ಕಿ ತೊಳೆದೇಬಿಟ್ಟಿತು. ಬಿರುಕು ಬಾಯಿ ತೆರೆಯಿತು.

"ಅಯ್ಯೋ ಲಾರಿಯಜ್ಜೀ, ನಾನು ಸೋರಿ ಹೋಗ್ತಿದ್ದೀನಿ! ದಾರಿಯಲ್ಲಿ ನಿಂತುಬಿಟ್ಟರೆ ನಿನ್ನ ಗತಿ?"

"ಅಳಬೇಡ ಕೂಸೇ. ಇನ್ನೂ ಅಂಗಳದಲ್ಲೇ ಇದ್ದೀವಿ. ನನ್ನ ಮೂತಿಯ ಕೆಳಗೇ ರಂಗೋಲಿ ಇದೆ ನೋಡು, ಅದರ ಮೇಲೇ ತೊಟ್ಟಿಕ್ಕು."

ಬಿಳೀ ರಂಗೋಲಿಯ ಮೇಲೆ ಕರೀ ಹನಿ ಕಂಡು ತಿಪ್ಪೇಸ್ವಾಮಿ ಬಗ್ಗಿ ನೋಡಿದ, ಹಣೆ ಚಚ್ಚಿಕೊಂಡ.

ಆಮೇಲೆ ಅವನು ಸೀಲು ಬದಲಾಯಿಸಿ, ಲಾರಿಗೆ ಅದರ ರೂಢಿಯ ಮಂದ ಎಣ್ಣೆಯನ್ನೇ ಹಾಕಿದ. ಲಾರಿ ಈಗಲೂ ಹೆಂಚು ಹೇರಿಕೊಂಡು ಘಾಟಿ ಹತ್ತುತ್ತದೆ. ಡಬ್ಬಿಯಲ್ಲಿ ಉಳಿದ ಹೊಸ ಎಣ್ಣೆ ಇದನ್ನೆಲ್ಲ ನೋಡಿ ಬುದ್ಧಿ ಕಲಿತು ತಮ್ಮನ ಹೊಸ ಟೆಂಪೋ ಸೇರಿದೆ, ಅಲ್ಲಿ ಯಾರನ್ನೇ ಆಗಲಿ ಮೊದಲು ಕೇಳಿ ಆಮೇಲೆ ತೊಳೆಯುತ್ತದೆ. ಇಂಜಿನ್ನಿಂದ ಹೊರಬಂದ ಜಿಡ್ಡಜ್ಜನನ್ನು ಕಿರುಗುಟ್ಟುವ ಗೇಟಿನ ಕೀಲುಗಳಿಗೆ ಸವರಿದರು. ಅವನು ಅಲ್ಲೂ ಬಾಗಿಲು ಕಾಯುತ್ತಾ ಕೂತಿದ್ದಾನೆ.